ರೂಪಸಂಕ್ಷೇಪ ಮತ್ತು ಭಾವ: ‘ಮೂವರು ಹುಡುಗಿಯರು’ ಚಿತ್ರದ ವಿವೇಚನೆ

ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನರ ಸಮಾಧಿ ಮಿರಜದ ದರ್ಗಾದ ಆವರಣದಲ್ಲಿದೆ. ಅವರ ಆಲಾಪವನ್ನು ಕೇಳುವಾಗ ನಾವು ಪದಗಳ ಅರ್ಥಕ್ಕಾಗಿ ಕಾಯುವುದಿಲ್ಲ. ಸ್ವರದಿಂದಲೇ ಕರುಣವು ಮೂಡುತ್ತದೆ. ಚಿತ್ರದ ಮುಂದೆ ನಿಂತಾಗ ಮಾತ್ರ ಮೊದಲು ಕಥೆಯನ್ನು ಕೇಳುತ್ತೇವೆ. ಈ ಅಭ್ಯಾಸವು ಉಚಿತವೇ?

ಖಾನರು ತೀರಿಕೊಂಡ 1937ರಲ್ಲಿಯೇ ಅಮೃತಾ ಶೇರ್‌ಗಿಲ್ಲರ ‘ಮೂವರು ಹುಡುಗಿಯರು’ ಎಂಬ ಚಿತ್ರಕ್ಕೆ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ದೊರೆಯಿತು. 1935ರ ಆ ಕೃತಿ ಇಂದು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಮೂವರು ಹುಡುಗಿಯರು ಒತ್ತೊತ್ತಾಗಿ ಕುಳಿತಿದ್ದಾರೆ. ಆದರೆ ಒಬ್ಬಳೂ ಇನ್ನೊಬ್ಬಳತ್ತ ನೋಡುವುದಿಲ್ಲ, ನಮ್ಮತ್ತಲೂ ನೋಡುವುದಿಲ್ಲ. ಹಿನ್ನೆಲೆ ಬರಿದು. ಉಡುಪುಗಳು ಅಗಲವಾದ ಬಣ್ಣದ ಹರವುಗಳಾಗಿವೆ. ಕಣ್ಣೀರಿಲ್ಲ, ನಿಟ್ಟುಸಿರಿನ ಅಭಿನಯವೂ ಇಲ್ಲ.

ಇದನ್ನು ಕೈಚಳಕದ ಕೊರತೆಯೆನ್ನುವಂತಿಲ್ಲ. ಪ್ಯಾರಿಸ್ಸಿನಲ್ಲಿ ಕಲಿತ ಈಕೆ 1932ರಲ್ಲಿ ಬರೆದ ‘ತರುಣಿಯರು’ ಚಿತ್ರದಲ್ಲಿ ಮೈಬಣ್ಣ, ಬಟ್ಟೆಯ ನವಿರು, ಕೋಣೆಯ ಸಜ್ಜು ಎಲ್ಲವನ್ನೂ ಬಲ್ಲವಳೆಂದು ತೋರಿಸಿದ್ದಾಳೆ. ಬಲ್ಲುದನ್ನು ಬಿಟ್ಟುಕೊಟ್ಟದ್ದೇ ಇಲ್ಲಿಯ ಸಾಧನೆ.

ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ, ರವಿವರ್ಮನ ‘ಹಂಸದಮಯಂತಿ’ಯಲ್ಲಿ ವಿಭಾವವು ಕಣ್ಣೆದುರಿಗಿದೆ. ಹಂಸವನ್ನು ಕಂಡೊಡನೆ ಕಥೆ ನೆನಪಾಗಿ ದಮಯಂತಿಯ ಭಾವವು ತಿಳಿಯುತ್ತದೆ. ಶೇರ್‌ಗಿಲ್ ಕಾರಣವನ್ನು ಅಳಿಸಿ ಅನುಭಾವವನ್ನಷ್ಟೇ ಉಳಿಸಿದ್ದಾಳೆ: ಬಾಗಿದ ಕತ್ತು, ಇಳಿದ ರೆಪ್ಪೆ, ಸುಮ್ಮನಾದ ಕೈಗಳು.

ಇವರು ಮದುವೆಯ ಚಿಂತೆಯಲ್ಲಿರುವವರೆಂದು ವ್ಯಾಖ್ಯಾನಿಸುವವರುಂಟು. ತಾಳ್ಮೆ, ಶರಣಾಗತಿಗಳ ಮೂಕರೂಪಗಳನ್ನು ಚಿತ್ರಿಸುವ ಹಂಬಲವನ್ನು ಕಲಾವಿದೆಯೂ ಹೇಳಿಕೊಂಡಿದ್ದಳು. ಆದರೆ ತಾಳ್ಮೆಯು ಭಾವ. ಮದುವೆಯು ನಾವು ಹೊರಗಿನಿಂದ ತಂದಿಟ್ಟ ಕಾರಣ. ಮೊದಲನೆಯದಕ್ಕೆ ಚಿತ್ರದಲ್ಲಿ ಆಧಾರವಿದೆ, ಎರಡನೆಯದಕ್ಕೆ ಇಲ್ಲ. ಕಾರಣವನ್ನು ಹೆಸರಿಸಿದೊಡನೆ ಮೂವರ ಮೌನವೂ ಒಂದೇ ಆಗಿಬಿಡುತ್ತದೆ. ಚಿತ್ರದಲ್ಲಾದರೋ ಅವು ಮೂರು ಬೇರೆ ಬೇರೆ ಮೌನಗಳು.

ಅಧ್ಯಾಪಕ ಬಂಧುಗಳಿಗೆ ಇದು ದೂರದ ವಿಷಯವಲ್ಲ. ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಮಗುವೊಂದು ಕಣ್ಣುಮೂಗುಗಳಿಲ್ಲದ ತಾಯಿಯನ್ನು ಬರೆದು ತಂದರೆ, ತಪ್ಪೆಂದು ತಿದ್ದಲು ನಮ್ಮ ಕೈ ಮುಂದಾಗುತ್ತದೆ. ತಿದ್ದುವ ಮುನ್ನ ಆ ತಾಯಿ ಹೇಗೆ ಕುಳಿತಿದ್ದಾಳೆಂಬುದನ್ನು ನೋಡೋಣ. ಮೂವರು ಹುಡುಗಿಯರ ಮುಂದೆಯೂ ‘ಇವರಿಗೆ ಏನಾಗಿದೆ?’ ಎಂದು ಮಕ್ಕಳನ್ನು ಕೇಳುವುದಕ್ಕಿಂತ ‘ಇವರು ಹೇಗೆ ಕುಳಿತಿದ್ದಾರೆ?’ ಎಂದು ಕೇಳುವುದು ಲೇಸು. ಉತ್ತರಕ್ಕಾಗಿ ಮಕ್ಕಳು ಚಿತ್ರವನ್ನೇ ನೋಡಬೇಕಾಗುತ್ತದೆ.