ಎಣಿಕೆ ತಪ್ಪಿದೆ ಎನ್ನುವವರಿಗೊಂದು ನೋಂದಣಿ

ಸಿಸೇರಿಯನ್ ನಡೆಯುವ ಟೇಬಲ್ಲಿನ ಸುತ್ತ ನಿಂತವರಲ್ಲಿ ಸರ್ಜನ್ ಮತ್ತು ಅರಿವಳಿಕೆ ವೈದ್ಯರ ಹೆಸರು ಕರ್ನಾಟಕ ಮೆಡಿಕಲ್ ಕೌನ್ಸಿಲಿನಲ್ಲಿರುತ್ತದೆ, ನರ್ಸಿನದು ನರ್ಸಿಂಗ್ ಕೌನ್ಸಿಲಿನಲ್ಲಿ. ಹೊರಗೆ ಔಷಧ ಅಂಗಡಿಯ ಫಾರ್ಮಾಸಿಸ್ಟ್ ಕೂಡ 1948ರ ಕಾಯ್ದೆಯಿಂದಲೇ ನೋಂದಣಿಗೆ ಒಳಪಟ್ಟವರು. ಆದರೆ ರಿಟ್ರ್ಯಾಕ್ಟರ್ ಹಿಡಿದು ಗಾಯದ ಬಾಯಿ ತೆರೆದಿಡುವ, ಸಲಕರಣೆ ಕ್ರಿಮಿಶುದ್ಧಿ ಮಾಡಿ ಜೋಡಿಸುವ ಓಟಿ (ಆಪರೇಷನ್ ಥಿಯೇಟರ್) ಸಹಾಯಕರ ನೋಂದಣಿಗೆ 2021ರವರೆಗೂ ದೇಶಕ್ಕೆಲ್ಲ ಅನ್ವಯಿಸುವ ಕಾನೂನೇ ಇರಲಿಲ್ಲ. ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ. ಇದ್ದವು, ನಿಜ. ಓದಿದವರು ಓದಿದರು, ಓದದವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ವಾರ್ಡ್ ಬಾಯ್ ಆಗಿ ಸೇರಿ, ನೋಡಿ ಕಲಿತು, ಓಟಿ ಹುಡುಗರಾದರು.

ಆ ಕೆಲಸ ಸಣ್ಣದಲ್ಲ. ಹೊಟ್ಟೆ ಹೊಲಿಯುವ ಮುಂಚೆ ರಕ್ತ ಒರೆಸುವ ಬಟ್ಟೆ, ಅಂದರೆ ಮಾಪ್ ಎಣಿಸಬೇಕು. ಒಳಗಿಟ್ಟದ್ದು ಐದಾದರೆ ಹೊರಬಂದದ್ದೂ ಐದೇ ಆಗಬೇಕು. ರಕ್ತ ಹೀರಿದ ಬಟ್ಟೆ ಒಳಗಿನ ಅಂಗಗಳ ಬಣ್ಣಕ್ಕೇ ತಿರುಗುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಎಣಿಕೆಯನ್ನೇ ನಂಬಬೇಕು. ಆಟೋಕ್ಲೇವ್ ಡ್ರಮ್ಮಿಗೆ ಅಂಟಿಸಿದ ಟೇಪಿನ ಗೆರೆ ಹಬೆ ತಾಗಿ ಕಪ್ಪಾಗಿದೆಯೇ ಎಂದು ನೋಡುವವರೂ ಇವರೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಈ ಎಣಿಕೆಯನ್ನು ಬಾಯಿಬಿಟ್ಟು ಹೇಳಬೇಕೆಂದಿದೆ. ಅಲ್ಲೇ ಇರುವುದು ತೊಡಕು. "ಒಂದು ಕಡಿಮೆ ಅದ ಸರ್" ಎನ್ನಲು ಧೈರ್ಯ ಬೇಕು. ತಿಂಗಳ ಪಗಾರ ಆ ಸರ್ಜನ್ನರ ಕೈಯಲ್ಲೇ ಇದ್ದು, ಬೇರೆ ಕಡೆ ತೋರಿಸಲು ಒಂದು ಕಾಗದವೂ ಇಲ್ಲದವನಿಗೆ ಆ ಮಾತು ಗಂಟಲಲ್ಲೇ ಉಳಿಯುತ್ತದೆ.

ಈ ಕಾರಣಕ್ಕೇ ನಾನು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಪರ. ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಗೆ ಸಂಬಂಧಿಸಿದ ತಂತ್ರಜ್ಞರನ್ನು ಅದು ಒಂದು ವರ್ಗವಾಗಿ ಗುರುತಿಸಿತು. ಡಿಪ್ಲೊಮಾ ಅಥವಾ ಪದವಿ, ಕನಿಷ್ಠ 2000 ಗಂಟೆಗಳ ಕಲಿಕೆ ಎಂದು ಗೊತ್ತುಮಾಡಿತು. ಜಾರಿಯ ಕಥೆ ಮಾತ್ರ ಬೇಸರ ತರುವಂಥದ್ದು. ಆರು ತಿಂಗಳಲ್ಲಿ ರಾಜ್ಯ ಪರಿಷತ್ತುಗಳಾಗಬೇಕೆಂದು ಕಾಯ್ದೆಯೇ ಹೇಳಿದ್ದರೂ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟು ಎಚ್ಚರಿಸಬೇಕಾಯಿತು.

ಕಾಯ್ದೆಯ ದೊಡ್ಡ ಕೊರತೆ, ಅದು ಕಲಿತ ಗಂಟೆಗಳನ್ನು ಎಣಿಸಿದಷ್ಟು ನಿಚ್ಚಳವಾಗಿ ಕೆಲಸದ ಗಡಿ ಎಳೆಯುವುದಿಲ್ಲ. ಸಲಕರಣೆ ಕೊಡುವುದು ಬೇರೆ, ಚರ್ಮ ಹೊಲಿಯುವುದು ಬೇರೆ. ಅಮೆರಿಕದ ಟೆಕ್ಸಾಸ್ ಸರ್ಜಿಕಲ್ ಅಸಿಸ್ಟೆಂಟರಿಗೆ ಪ್ರತ್ಯೇಕ ಲೈಸೆನ್ಸ್ ಕೊಡುತ್ತದೆ. ಇಲಿನಾಯ್ ರಾಜ್ಯ ‘ನೋಂದಾಯಿತ’ ಎಂಬ ಬಿರುದನ್ನಷ್ಟೇ ಕಾಯುತ್ತದೆ. ನಮಗೆ ಬಿರುದು ಕಾಯುವ ಕಾನೂನು ಸಾಲದು. ತಾಲ್ಲೂಕು ಊರಿನ ಥಿಯೇಟರಿನಲ್ಲಿ ಯಾರು ಯಾವ ಕೆಲಸಕ್ಕೆ ಕೈಹಾಕಬಹುದು ಎಂಬುದು ಬರಹದಲ್ಲಿರಬೇಕು.

ನೋಂದಣಿಯಿಂದ ಎಲ್ಲ ಸರಿಹೋಗುತ್ತದೆಂದು ನಂಬುವವರು ರಾಣೆಬೆನ್ನೂರಿನ ಗರ್ಭಕೋಶ ಪ್ರಕರಣ ನೆನೆಯಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದರೆಂದು ತಾಂಡಾಗಳ ಹೆಂಗಸರು ದೂರಿದರು, ಪರಿಹಾರಕ್ಕಾಗಿ ಬೀದಿಗಿಳಿದರು. ಸರ್ಕಾರಿ ವೈದ್ಯರೆಂದ ಮೇಲೆ ನೋಂದಣಿ ಇದ್ದೇ ಇರುತ್ತದೆ. ಒಬ್ಬರ ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ರೋಗಿಗೆ ರಕ್ಷಣೆ ಸಿಗದು. ಪಕ್ಕದಲ್ಲಿ ನಿಂತವರಿಗೂ ಸ್ವಂತ ನೋಂದಣಿ, ಸ್ವಂತ ಹೊಣೆ, ದೂರಲು ಒಂದು ಪರಿಷತ್ತು ಇದ್ದರೆ ಥಿಯೇಟರಿನೊಳಗೆ ಎರಡನೆಯ ದನಿ ಹುಟ್ಟುತ್ತದೆ.

ಹಾಗೆಂದು, ಹದಿನೈದಿಪ್ಪತ್ತು ವರ್ಷ ದುಡಿದವರನ್ನು ಸರ್ಟಿಫಿಕೇಟ್ ಇಲ್ಲವೆಂದು ಹೊರದಬ್ಬುವುದು ಅನ್ಯಾಯ. ನಾಳೆ ಬೆಳಗ್ಗೆ ಅವರ ಜಾಗಕ್ಕೆ ಬರುವವರೂ ಇಲ್ಲ. ಹಾವೇರಿಗೆ ಈಗ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕೈಕೆಲಸದ ಪರೀಕ್ಷೆ, ಕೆಲವು ತಿಂಗಳ ತರಬೇತಿ ಅಲ್ಲೇ ನಡೆಯಲಿ. ತೇರ್ಗಡೆಯಾದವರನ್ನು ಪರಿಷತ್ತು ಸೇರಿಸಿಕೊಳ್ಳಲಿ. ಖಾಸಗಿ ಆಸ್ಪತ್ರೆಗಳ ನೋಂದಣಿಯಂತೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ, ದರಪಟ್ಟಿ ತೂಗುಹಾಕಬೇಕೆಂಬ ನಿಯಮವೂ ಇದೆ. ದೇವಗಿರಿಯಲ್ಲಿರುವ ಹಾವೇರಿ ಜಿಲ್ಲಾಡಳಿತ ಭವನದಿಂದ ಒಂದು ಸುತ್ತೋಲೆ ಹೊರಟರೆ, ಆ ದರಪಟ್ಟಿಯ ಪಕ್ಕದಲ್ಲೇ ಥಿಯೇಟರಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನೂ ಬರೆಸಬಹುದು.