ಹೊಳೆ, ಗಡಿ, ಹುಳು

ನಾಡುಗಳ ಏಳಿಗೆಯ ಚರಿತ್ರೆಯನ್ನು ಕೊಳ್ಳೇಗಾಲ–ಹನೂರು ರಸ್ತೆಯ ಕಾಮಗೆರೆಯಲ್ಲಿ ನಿಂತೂ ಓದಬಹುದು. ಅದಕ್ಕೆಂದೇ ಕಟ್ಟಿದ ನಾಲ್ಕು ಸಾಲುಗಳಿವು. ಒಂದೊಂದನ್ನೂ ಬಿಡಿಸಿ ನೋಡೋಣ.

ವರ್ಷಕ್ಕೆ ಚೂರು, ನೂರು ವರ್ಷಕ್ಕೆ ಗುಡ್ಡ.

ತಲಾ ಆದಾಯ ವರ್ಷಕ್ಕೆ ಶೇ. 1ರಂತೆ ಬೆಳೆದರೆ ನೂರು ವರ್ಷಕ್ಕೆ 2.7 ಪಟ್ಟಾಗುತ್ತದೆ, ಶೇ. 2ರಂತೆ ಬೆಳೆದರೆ 7 ಪಟ್ಟಿಗೂ ಹೆಚ್ಚು. ಆ ಒಂದಂಶ ಎಲ್ಲಿಂದ ಬಂತು ಎಂಬುದೇ ಮುಂದಿನ ಸಾಲುಗಳ ಚಿಂತೆ.

ಹೊಳೆ ಒಂದು, ದೊರೆತನ ಎರಡು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮುಂದೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಮರಳಿತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಮೈಸೂರಿನಿಂದ ಜಹಗೀರಾಗಿ ಸಂದಿತ್ತು. ಮಾತು, ಮಣ್ಣು, ಮಳೆ ಒಂದೇ. ಕಂದಾಯ ಕಟ್ಟುವ ಕಡೆ ಬೇರೆ. ಆರ್ಥಿಕ ಚರಿತ್ರಕಾರರು ಇಂಥ ಗಡಿಗಳನ್ನೇ ಹುಡುಕುತ್ತಾರೆ, ಆಡಳಿತದ ಪ್ರಭಾವ ಅಲ್ಲಿ ಬಿಡಿಯಾಗಿ ಕಾಣಿಸುತ್ತದೆಂದು.

ನೀರು ಧುಮುಕಿದ್ದು ಇಲ್ಲಿ, ಯಂತ್ರ ತಿರುಗಿದ್ದು ದೂರದಲ್ಲಿ.

ಕೊಳ್ಳೇಗಾಲದ ಸಮೀಪದ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಗಣಿಯ ಕಂಪನಿಗಳಿಗೆ ಕರೆಂಟು ಕೊಳ್ಳುವ ಶಕ್ತಿಯಿತ್ತು, ಮೈಸೂರು ಸರ್ಕಾರಕ್ಕೆ ಕಟ್ಟುವ ಛಲವಿತ್ತು. ಬರೀ ಹೊಳೆ ಸಂಪತ್ತಾಗದು.

ಗೂಡು ಇಲ್ಲೂ ಕಟ್ಟಿತು, ಜಪಾನಿನಲ್ಲೂ ಕಟ್ಟಿತು.

ಮುಖ್ಯವಾದ ಸಾಲು ಇದು. ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆಗೆ ಕೊಳ್ಳೇಗಾಲವೇ ಮುಖ್ಯ ನೆಲೆಯಾಗಿತ್ತು. ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವುದರಲ್ಲಿ ನಮ್ಮ ಹೆಂಗಸರ ಕೈಚಳಕ ಯಾರಿಗೂ ಕಡಿಮೆಯಲ್ಲ. ಆದರೆ ಮನೆಯವರ ದುಡಿಮೆಯೊಂದರಿಂದಲೇ ಆಗದ ಕೆಲಸಗಳಿವೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗಂಟುರೋಗವಿಲ್ಲವೆಂದು ಖಚಿತಪಡಿಸುವ ದಾರಿಯನ್ನು ಫ್ರಾನ್ಸಿನ ಪಾಶ್ಚರ್ 1860ರ ದಶಕದಲ್ಲೇ ತೋರಿಸಿದ್ದ. ಜಪಾನ್ ಅದನ್ನು ಕಾನೂನು ಮಾಡಿತು. 1872ರಲ್ಲಿ ತೊಮಿಯೋಕಾದಲ್ಲಿ ಸರ್ಕಾರವೇ ನೂಲು ಬಿಚ್ಚುವ ಮಾದರಿ ಕಾರ್ಖಾನೆ ತೆರೆಯಿತು. 1906ರಲ್ಲಿ ತೊಯಾಮ ಕಮೆತಾರೊ ಮಿಶ್ರತಳಿಯ ಮೊಟ್ಟೆ ಬಳಸಲು ಹೇಳಿದ. ಮುಂದೆ ಅದು ಹಳ್ಳಿಹಳ್ಳಿಗೂ ಮುಟ್ಟಿತು. 1909ರ ಹೊತ್ತಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ ಚೀನಾವನ್ನೂ ಹಿಂದಿಕ್ಕಿತು. ಬಹುಮಟ್ಟಿಗೆ ಆ ಹಣದಿಂದ ಅದು ಹೊರಗಿನ ಯಂತ್ರ ತರಿಸಿಕೊಂಡಿತು. ನಮ್ಮಲ್ಲಿ ಚರಕವೇ ಬಹುಕಾಲ ನೂಲು ಬಿಚ್ಚುತ್ತಿತ್ತು.

ನಮ್ಮ ಬಿಸಿಲಿಗೆ ಜಪಾನಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಹುಳು ಒಗ್ಗದು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಹವೆಯನ್ನು ಹಣೆಬರಹವೆಂದು ನಾನು ಒಪ್ಪಲಾರೆ. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಅದೇ ಜಪಾನಿನ ತಜ್ಞರ ನೆರವಿನಿಂದ ಇಲ್ಲಿಗೆ ಒಗ್ಗುವ ದ್ವಿತಳಿಗಳನ್ನು ರೂಪಿಸಿತು. ಹುಳು ಮೇಯಿಸುವ ನಮ್ಮ ಮನೆಗಳಿಗೆ ಅದು ಮೂರು ತಲೆಮಾರು ತಡವಾಗಿ ಬಂತು.