ಕೊನೆಯ ಲೋಟ

ಬೇಸಿಗೆ ಬಂತೆಂದರೆ ಪತ್ರಿಕೆಗಳ ಅಡುಗೆ ಪುಟದಲ್ಲಿ ಒಂದು ಪಾನೀಯ ಆಗಾಗ ತಲೆಯೆತ್ತುತ್ತದೆ. ‘ಕ್ಲಾಸಿಕ್ ಐಸ್‌ಕ್ರೀಮ್ ಸೋಡಾ ಫ್ಲೋಟ್, ಮನೆಯಲ್ಲೇ ಮಾಡಿ’. ವಿಧಾನ ಮೂರೇ ಸಾಲು. ಎತ್ತರದ ಲೋಟಕ್ಕೆ ಎರಡು ಉಂಡೆ ವೆನಿಲಾ ಐಸ್‌ಕ್ರೀಮ್ ಹಾಕಿ, ಮೇಲೆ ಕೋಲಾ ಸುರಿದು, ಚೆರಿಹಣ್ಣಿಟ್ಟು ತಕ್ಷಣ ಕೊಡಿ. ಇಷ್ಟೇ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಇಂಥ ಮೂರು ಸಾಲಿನ ಉತ್ತರ ಕಂಡರೆ ಕೆಂಪು ಪೆನ್ನು ತಾನಾಗಿಯೇ ಕೈಗೆ ಬರುತ್ತದೆ. ಉತ್ತರ ಪೂರ್ತಿ ತಪ್ಪೆಂದಲ್ಲ. ಬರೆದ ಒಂದೊಂದು ಮಾತಿಗೂ ಅರ್ಥ ಹೇಳು ಎಂದು ಕೇಳಬೇಕೆನಿಸುತ್ತದೆ.

ಮೊದಲಿಗೆ ಆ ‘ಕ್ಲಾಸಿಕ್’ ಎಂಬುದನ್ನೇ ಕೇಳೋಣ. ಈ ಪಾನೀಯ ಅಮೆರಿಕದ್ದು. 1874ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ತನ್ನ ಐವತ್ತನೆಯ ವರ್ಷಕ್ಕೆ ಒಂದು ಪ್ರದರ್ಶನ ಏರ್ಪಡಿಸಿತ್ತು. ಅಲ್ಲಿ ಸೋಡಾ ಮಾರುತ್ತಿದ್ದ ರಾಬರ್ಟ್ ಗ್ರೀನ್ ಎಂಬಾತ ಇದನ್ನು ಮೊದಲು ಮಾಡಿದವನು ತಾನೇ ಎಂದು ಹೇಳಿಕೊಂಡ. ಕೆನೆ ಮುಗಿದುಹೋಗಿ ಐಸ್‌ಕ್ರೀಮ್ ಹಾಕಿದ ಎಂದು ಒಂದು ಕಥೆ. ಎದುರಾಳಿಯ ದೊಡ್ಡ ಅಂಗಡಿಯಿಂದ ಗಿರಾಕಿಗಳನ್ನು ಸೆಳೆಯಲು ಬೇಕೆಂದೇ ಹಾಕಿದ ಎಂದು ಇನ್ನೊಂದು. ನಾನೇ ಮೊದಲಿಗ ಎನ್ನುವವರು ಬೇರೆಯವರೂ ಇದ್ದರು. ರುಚಿಯಾದ ತಿಂಡಿಗೆ ಊರಿಗೊಬ್ಬ ಅಪ್ಪ ಇರುವುದು ನಮ್ಮಲ್ಲೂ ಉಂಟಲ್ಲ! ಅದಿರಲಿ, ನನಗೆ ಮುಖ್ಯವೆನಿಸುವುದು ಆ ಲೋಟದೊಳಗೆ ಏನಿತ್ತು ಎಂಬುದು. ಹಣ್ಣಿನದೋ ಬೇರಿನದೋ ಸಕ್ಕರೆ ಪಾಕ, ಬರೀ ಸೋಡಾ, ಅದರ ಮೇಲೆ ಐಸ್‌ಕ್ರೀಮ್. ಕೋಕಾ ಕೋಲಾ ಹುಟ್ಟಿದ್ದೇ 1886ರಲ್ಲಿ, ಅಂದರೆ ಹನ್ನೆರಡು ವರ್ಷದ ನಂತರ. ಬಾಟಲಿ ಬಗ್ಗಿಸಿ ಮಾಡುವ ಫ್ಲೋಟು ಆಮೇಲೆ ಬಂದ ಅಡ್ಡದಾರಿ.

ಅಮೆರಿಕನ್ನರು ಬಹಳ ಮೆಚ್ಚುವ ರೂಟ್ ಬಿಯರ್ ಫ್ಲೋಟಿನ ಕಥೆಯೂ ಹೀಗೇ. ಹೆಸರಿನಲ್ಲಿ ಬಿಯರ್ ಇದ್ದರೂ ಗಾಬರಿ ಬೇಡ, ಅಂಗಡಿಯಲ್ಲಿ ಸಿಗುವುದರಲ್ಲಿ ಮದ್ಯವಿಲ್ಲ. ಸಾಸಫ್ರಾಸ್ ಎಂಬ ಮರದ ಬೇರಿನ ತೊಗಟೆ, ಸಾರ್ಸಪರಿಲ್ಲಾ ಬಳ್ಳಿಯ ಬೇರು ಮುಂತಾದವುಗಳ ಕಷಾಯ ಅದು. ಸಾಸಫ್ರಾಸ್‌ನಲ್ಲಿರುವ ಸಾಫ್ರೋಲ್ ಎಂಬ ಅಂಶ ಪ್ರಾಣಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆಂದು ಕಂಡುಬಂದು, 1960ರಲ್ಲಿ ಅಲ್ಲಿನ ಸರ್ಕಾರ ಆಹಾರದಲ್ಲಿ ಅದನ್ನು ನಿಷೇಧಿಸಿತು. ಅಲ್ಲಿಂದೀಚೆಗೆ ರೂಟ್ ಬಿಯರಿನಲ್ಲಿ ಆ ಮೂಲ ಬೇರೇ ಇಲ್ಲ, ಇದ್ದರೂ ಸಾಫ್ರೋಲ್ ತೆಗೆದ ಸಾರ. ನಮ್ಮ ಮೂಗಿಗಂತೂ ಅದು ನೋವಿನ ಮುಲಾಮಿನ ವಾಸನೆ, ಏಕೆಂದರೆ ಎರಡರಲ್ಲೂ ಸಾಮಾನ್ಯವಾಗಿ ಇರುವುದು ವಿಂಟರ್‌ಗ್ರೀನ್ ಪರಿಮಳ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಹಾಗಾಯಿತು ‘ಕ್ಲಾಸಿಕ್’ನ ಗತಿ.

ಇನ್ನು ‘ಮನೆಯಲ್ಲೇ ಮಾಡಿ’. ಐಸ್‌ಕ್ರೀಮ್ ಕಂಪನಿಯದು, ಕೋಲಾ ಕಂಪನಿಯದು, ಚೆರಿ ಡಬ್ಬಿಯದು. ನಾನು ಮಾಡಿದ್ದೇನು, ಮುಚ್ಚಳ ತೆಗೆದದ್ದೇ? ಈ ಪಾನೀಯದಲ್ಲಿ ಗೃಹಿಣಿಯ ಕೈಗುಣ ತೋರಿಸಲು ಇರುವುದು ಪಾಕ ಒಂದೇ. ಅಡುಗೆ ಪುಟದವರು ಸರಿಯಾಗಿ ಅದನ್ನೇ ಬಿಟ್ಟಿದ್ದಾರೆ. ನಮ್ಮಲ್ಲಿ ಸೊಗದೆ ಬೇರಿದೆ, ನನ್ನಾರಿ ಎನ್ನುತ್ತಾರಲ್ಲ, ಅದು. ಭಾರತದ ಸಾರ್ಸಪರಿಲ್ಲಾ ಎಂದೇ ಅದಕ್ಕೆ ಇಂಗ್ಲಿಷಿನವರು ಹೆಸರಿಟ್ಟಿದ್ದಾರೆ. ಬೇರನ್ನು ತೊಳೆದು ಜಜ್ಜಿ, ಒಳಗಿನ ಕಡ್ಡಿ ತೆಗೆದು, ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಬೆಳಿಗ್ಗೆ ಸೋಸಿ ಸಕ್ಕರೆ ಹಾಕಿ ಪಾಕ ಮಾಡಿದರೆ ಮುಲಾಮಿನ ನೆನಪೇ ಬಾರದ, ವೆನಿಲಾಕ್ಕೆ ಅಕ್ಕತಂಗಿಯಂಥ ಪರಿಮಳ. ಬೇರು ಸಿಗದಿದ್ದರೆ ಶುಂಠಿ ಪಾಕವೂ ಚೆನ್ನ. ಆದರೆ ಶರಬತ್ತಿಗೆ ಹಿಂಡುವಂತೆ ಇದಕ್ಕೆ ನಿಂಬೆಹಣ್ಣು ಹಿಂಡಬಾರದು. ಹುಳಿಗೆ ಹಾಲಿನಂಶ ಒಡೆದು ಲೋಟದೊಳಗೆ ಚೂರುಚೂರಾಗಿ ತೇಲುತ್ತದೆ. ಪುನರ್ಪುಳಿಗೂ ಇದೇ ಮಾತು. ಕೋಲಾ ಕೂಡ ಒಳ್ಳೆಯ ಹುಳಿಯೇ, ಸಕ್ಕರೆ ಅದನ್ನು ಮರೆಮಾಚಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟ ಕೋಲಾ ಫ್ಲೋಟಿನ ತಳ ನೋಡಿದವರಿಗೆ ಗೊತ್ತು.

ಐಸ್‌ಕ್ರೀಮ್ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಓದಿ. ಐಸ್‌ಕ್ರೀಮ್ ಎಂದು ಬರೆಯಬೇಕಾದರೆ ನಮ್ಮ ದೇಶದ ನಿಯಮದಂತೆ ಶೇಕಡಾ 10ರಷ್ಟಾದರೂ ಹಾಲಿನ ಕೊಬ್ಬಿರಬೇಕು. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಒಳಗಿರುವುದು ಸಾಮಾನ್ಯವಾಗಿ ಪಾಮ್‌ನಂಥ ಸಸ್ಯದ ಎಣ್ಣೆ. ಸೋಡಾದ ಜೊತೆ ಅದು ನಾಲಿಗೆಯ ಮೇಲೆ ಜಿಡ್ಡುಜಿಡ್ಡಾಗಿ ಕೂರುತ್ತದೆ.

ಪಾಕವೂ ಐಸ್‌ಕ್ರೀಮೂ ಸರಿಯಿದ್ದ ಮೇಲೂ ಸುರಿಯುವ ಕ್ರಮವೊಂದಿದೆ, ಅದನ್ನೂ ಮೂರು ಸಾಲು ನುಂಗಿದೆ. ಲೋಟದ ತಳಕ್ಕೆ ಮೂರು ದೊಡ್ಡ ಚಮಚ ಪಾಕ, ಅದರಲ್ಲಿ ಒಂದು ಚಮಚ ಐಸ್‌ಕ್ರೀಮನ್ನು ಕಿವುಚಿ ಕಲಸಬೇಕು. ಮುಕ್ಕಾಲು ಲೋಟದವರೆಗೆ ತಣ್ಣನೆಯ ಸೋಡಾ ಓರೆಯಾಗಿ ಬಿಡಬೇಕು. ಆಮೇಲೆ ಉಂಡೆ, ಕೊನೆಗೆ ಅದರ ನೆತ್ತಿಯ ಮೇಲೆ ಸಣ್ಣ ಧಾರೆ. ಐಸ್‌ಕ್ರೀಮಿನ ಹಿಮದ ಕಣಗಳೂ ಗಾಳಿಗುಳ್ಳೆಗಳೂ ಸೋಡಾದ ಅನಿಲಕ್ಕೆ ಹೊರಬರುವ ಬಾಗಿಲು. ಹಾಲಿನ ಪ್ರೋಟೀನು ಗುಳ್ಳೆಗಳಿಗೆ ಗೋಡೆ ಕಟ್ಟಿ ನೊರೆಯನ್ನು ನಿಲ್ಲಿಸುತ್ತದೆ. ಸೋಡಾ ಬೆಚ್ಚಗಿದ್ದರೆ ಅನಿಲ ಒಮ್ಮೆಲೇ ನುಗ್ಗಿ ಅರ್ಧ ಪಾನೀಯ ಮೇಜಿನ ಪಾಲು. ಸರಿಯಾಗಿ ಮಾಡಿದರೆ, ಐಸ್‌ಕ್ರೀಮಿಗೆ ಸೋಡಾ ತಾಕಿದ ಕಡೆ ತೆಳ್ಳನೆಯ ಹಿಮದ ಹೊದಿಕೆ ಮೂಡುತ್ತದೆ. ಹಲ್ಲಿಗೆ ಸಿಕ್ಕಿದರೆ ಕರಂ ಎಂದು ಮುರಿದು, ಒಳಗೆ ಮೆತ್ತಗೆ. ಇಡೀ ಲೋಟದ ಸೊಗಸು ಅಲ್ಲಿದೆ. ಅದಿಲ್ಲದಿದ್ದರೆ ಇದು ಸಪ್ಪೆ ಮಿಲ್ಕ್‌ಶೇಕ್, ಅಷ್ಟೇ. ಆ ಹೊದಿಕೆಯ ಆಯುಸ್ಸು ಕೆಲವೇ ನಿಮಿಷ.

ಆದ್ದರಿಂದಲೇ ‘ತಕ್ಷಣ ಕೊಡಿ’ ಎಂಬ ಮಾತಿಗೆ ನನ್ನ ಅತಿ ದೊಡ್ಡ ತಕರಾರು. ಯಾರು ಯಾರಿಗೆ ಕೊಡುವುದು? ಮನೆಯಲ್ಲಿ ಆರು ಜನ. ಮಾವನವರಿಗೆ ಮೊದಲ ಲೋಟ, ನಾದಿನಿಯ ಮಕ್ಕಳಿಗೆ ಎರಡು, ಅತ್ತೆಗೆ ಕಡಿಮೆ ಸೋಡಾದ್ದು, ಯಜಮಾನರಿಗೆ ಇನ್ನೊಂದು. ಆರನೆಯದು ತನಗೆ. ಅಷ್ಟರಲ್ಲಿ ಡಬ್ಬಿಯ ಐಸ್‌ಕ್ರೀಮ್ ಪಾಯಸ, ಸೋಡಾ ಬರೀ ನೀರು, ಮೊದಲು ಕುಡಿದವರ ಲೋಟ ತೊಳೆಯಲು ಸಿಂಕಿನಲ್ಲಿ. ದೋಸೆಯ ಹಣೆಬರಹವೂ ಇದೇ ಅನ್ನಿ, ಆದರೆ ಕೊನೆಯ ದೋಸೆಯಾದರೂ ಕಾವಲಿಯಿಂದ ಬಿಸಿಬಿಸಿಯೇ ಏಳುತ್ತದೆ.

ಈ ಪಾನೀಯ ಹುಟ್ಟಿದ ಕಡೆ ಹೀಗಿರಲಿಲ್ಲ. ಅಮೆರಿಕದ ಔಷಧದಂಗಡಿಗಳಲ್ಲಿದ್ದ ಸೋಡಾ ಕಟ್ಟೆಗಳು ಮರ್ಯಾದಸ್ಥ ಹೆಂಗಸರು ಅಂಜದೆ ಹೋಗಿ ಕೂರಬಹುದಾಗಿದ್ದ ಜಾಗಗಳು. ಸಾರಾಯಿ ಅಂಗಡಿ ಗಂಡಸರದು, ಸೋಡಾ ಕಟ್ಟೆ ಎಲ್ಲರದು. 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಅವಕ್ಕೆ ಇನ್ನಷ್ಟು ಸುಗ್ಗಿ. ಕಟ್ಟೆಯ ಹಿಂದೆ ನಿಂತವನು ಬೆರೆಸುತ್ತಿದ್ದ, ಮುಂದೆ ಕುಳಿತವಳು ಕರಗುವ ಮೊದಲೇ ಕುಡಿಯುತ್ತಿದ್ದಳು. ನಮ್ಮ ಊರುಗಳಲ್ಲಿ ಹೋಟೆಲಿನ ಫ್ಯಾಮಿಲಿ ರೂಮಿನ ಪರದೆ ದಾಟಿ, ಇಬ್ಬರು ಗೆಳತಿಯರು ಐಸ್‌ಕ್ರೀಮ್ ಪಾರ್ಲರಿನಲ್ಲಿ ಬೀದಿ ನೋಡುತ್ತಾ ಕೂತದ್ದರ ಸುಖ ನನ್ನ ವಯಸ್ಸಿನವರಿಗೆ ಗೊತ್ತು. ‘ಮನೆಯಲ್ಲೇ ಮಾಡಿ’ ಎಂದ ಪತ್ರಿಕೆಯವರು ಆ ಕಟ್ಟೆಯನ್ನು ನಮ್ಮ ಅಡುಗೆಮನೆಗೆ ತಂದರು, ತಂದು ನಮ್ಮನ್ನು ಅದರ ಹಿಂದೆ ನಿಲ್ಲಿಸಿದರು.

ಹಾಗೆಂದು ನಾನೇನೂ ಇದನ್ನು ಮಾಡುವುದು ಬಿಟ್ಟಿಲ್ಲ. ಬೆಳಿಗ್ಗೆಯೇ ಐಸ್‌ಕ್ರೀಮ್ ಉಂಡೆಗಳನ್ನು ತೆಗೆದು ತಟ್ಟೆಯಲ್ಲಿ ಜೋಡಿಸಿ ಮತ್ತೆ ಫ್ರೀಜರಿನಲ್ಲಿಡುತ್ತೇನೆ. ಕಲ್ಲಿನಂತಾಗುವ ಅವು ಬೇಗ ಕರಗುವುದಿಲ್ಲ. ಸಂಜೆ ಆರು ಲೋಟಕ್ಕೂ ಪಾಕ ಹಾಕಿ, ಉಂಡೆಗಳ ತಟ್ಟೆಯನ್ನೂ ತಣ್ಣನೆಯ ಸೋಡಾ ಬಾಟಲಿಗಳನ್ನೂ ಊಟದ ಮೇಜಿನ ನಡುವೆ ಇಟ್ಟು ನಾನೂ ಕುರ್ಚಿ ಎಳೆದುಕೊಳ್ಳುತ್ತೇನೆ. ಅವರವರ ಸೋಡಾ ಅವರವರೇ ಸುರಿದುಕೊಳ್ಳಬೇಕು. ಯಜಮಾನರು ಸುರಿಯುವಾಗ ಒಂದಿಷ್ಟು ನೊರೆ ಉಕ್ಕಿ ಚೆಲ್ಲುತ್ತದೆ. ಚೆಲ್ಲಲಿ, ಒರೆಸುವ ಬಟ್ಟೆಯನ್ನೂ ಅವರ ಪಕ್ಕದಲ್ಲೇ ಇಟ್ಟಿರುತ್ತೇನೆ.